ಬೋರಲು ಹಾಕಿದ ಕೊಪ್ಪರಿಗಿ

ಮೊನ್ನೆ ನಮ್ಮ ಓಣಿಗೆ ಕಲಾಯಿಯವನು ಬಂದಿದ್ದ. ತಿದಿ ಒತ್ತಿ, ಕೆಂಡ ಕೆದಕಿ, ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿದ ನೋಡ್ರಿ, ಬುಸ್ಸಂತ ಬಿಳಿ ಹೊಗೆ ಎದ್ದಿತು. ಕಣ್ಣು ಉರಿಸುವ, ಮೂಗಿನ ತುದಿ ಸುಡುವ ಆ ವಾಸನೆ ನನಗೆ ಬಡಿದದ್ದೇ ತಡ, ಕೂತ ಕುರ್ಚಿಯಿಂದ ಎದ್ದುಬಿಟ್ಟೆ. ಮನೆಯವರೆಲ್ಲ ಈ ಮುದುಕಿಗೆ ಏನಾಯಿತು ಅಂತ ನೋಡಿದರು. ನನಗೇನೂ ಆಗಿರಲಿಲ್ಲ. ಅಟ್ಟದ ಮೇಲೆ ಬೋರಲು ಬಿದ್ದ ಕೊಪ್ಪರಿಗಿ ನೆನಪಾಗಿತ್ತು, ಅದರ ಹಿಂದೆ ಉಸ್ತಾನಿ ನೆನಪಾಗಿದ್ದರು.

ಉಸ್ತಾನಿ ಅಂದರೆ ನಮಗೆ ಕಲಿಸಿದವರು. ಆಗ ನಿಜಾಮರ ಕಾಲ. ಕಲಬುರ್ಗಿಯ ಜನಾನಾ ಶಾಲೆಯಲ್ಲಿ ಹೆಣ್ಣು ಹುಡುಗಿಯರಿಗೆ ಪಾಠವೆಲ್ಲ ಉರ್ದುವಿನಲ್ಲೇ ಆಗುತ್ತಿತ್ತು. ನಾನು ಕಮಲಾಪುರದ ಒಕ್ಕಲುತನದ ಮನೆಯ ಹುಡುಗಿ, ಕಲಬುರ್ಗಿಯಲ್ಲಿ ಸೋದರತ್ತಿಯ ಮನೆಯಲ್ಲಿದ್ದು ಆ ಶಾಲೆಗೆ ಹೋಗುತ್ತಿದ್ದೆ. ಮೊದಲ ವರ್ಷ ಉರ್ದು ನನಗೆ ಗಂಟಲೊಳಗಿನ ಮೀನಿನ ಮುಳ್ಳು... ಅಯ್ಯ, ಮೀನು ನಾವೆಲ್ಲಿ ತಿಂದೇವು, ಬಾರಿಹಣ್ಣಿನ ಬೀಜ ಅನ್ನೋಣ. ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಆ ಬೀಜ ನುಂಗಿಸಿದವರು ಉಸ್ತಾನಿ. ಅವರು ರೋಜಾ ಅನ್ನುವ ಕೇರಿಯಲ್ಲಿ, ದರ್ಗಾದ ಹಿಂದಿನ ಸಣ್ಣ ಓಣಿಯಲ್ಲಿ ತಮ್ಮ ಮುದಿ ತಾಯಿಯ ಜೊತೆ ಇದ್ದರು. ಗಂಡ ತೀರಿಕೊಂಡಿದ್ದ. ಎತ್ತರದ ಆಳು, ದೊಡ್ಡ ದನಿ, ನಕ್ಕರೆ ಪಕ್ಕದ ತರಗತಿಯ ಹುಡುಗಿಯರೂ ನಗಬೇಕು, ಹಂಗ.

ಅವರು ಕಲಿಸುತ್ತಿದ್ದದ್ದು ತವಾರೀಖು, ಅಂದರೆ ಇತಿಹಾಸ. ಅದರಲ್ಲೂ ಉಸ್ಮಾನಿ ತುರ್ಕರ ಯುದ್ಧಗಳ ಪಾಠ ಬಂತೆಂದರೆ ಅವರನ್ನು ಹಿಡಿಯುವವರೇ ಇರಲಿಲ್ಲ. ಪುಸ್ತಕದಲ್ಲಿ ಒಂದು ಹಾಳೆ ಇದ್ದರೆ ಅವರ ಬಾಯಲ್ಲಿ ಒಂದು ವಾರ. ರಾಜರ ಹೆಸರು ಬಾಯಿಪಾಠ ಮಾಡಿಸುವ ಕೆಲಸವೇ ಇಲ್ಲ. ಸೈನ್ಯ ಯಾವ ತಿಂಗಳು ಹೊರಟಿತು, ಒಂಟಿಗೆ ಮೇವು ಎಲ್ಲಿಂದ ಬಂತು, ಹೊಳೆ ತುಂಬಿದಾಗ ಸೇತುವೆ ಯಾರು ಕಟ್ಟಿದರು, ಅದನ್ನು ಹೇಳಿರಿ ಅನ್ನುವರು. "ತಲವಾರ ಬೀಸಾವ್ರು ಕಡೀಗಿ ಬರ್ತಾರ. ಮೊದ್ಲು ರೊಟ್ಟಿ ಹೋಗಬೇಕು, ಆಮ್ಯಾಲ ಹಾದಿ ಆಗಬೇಕು" ಅಂತ ಬೆರಳು ಎತ್ತುವರು.

ಕುಸ್ತುನ್‌ತುನಿಯಾದ ಮುತ್ತಿಗೆ ಅವರು ಕಲಿಸಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಇಸ್ತಂಬೂಲ ಅನ್ನುತ್ತಾರಲ್ಲ, ಅದೇ ಊರು. ಬಂದರಿನ ಬಾಯಿಗೆ ವೈರಿಗಳು ಕಬ್ಬಿಣದ ಸರಪಳಿ ಕಟ್ಟಿದ್ದರು, ಒಂದು ಹಡಗೂ ಒಳಗೆ ಹೋಗುವಂತಿರಲಿಲ್ಲ. ಉಸ್ತಾನಿ ನೆಲದ ಮೇಲೆ ಎರಡು ಪಾಟಿ ಇಟ್ಟು, ನಡುವೆ ತಮ್ಮ ಬೀಗದ ಕೈ ಗೊಂಚಲಿನ ಸರಪಳಿ ಎಳೆದರು. ಹುಣಸಿಕಾಯಿ ಹಡಗಾದವು. "ಈಗ ಹೆಂಗ ಹೋಗ್ತೀರಿ?" ಅಂದರು. ಒಬ್ಬಳು ಸರಪಳಿ ಕಡೀಬೇಕು ಅಂದಳು, ಇನ್ನೊಬ್ಬಳು ಮುಳುಗಿ ಹೋಗಬೇಕು ಅಂದಳು. ಉಸ್ತಾನಿ ತಮ್ಮ ತಲೆಗೆ ಹಚ್ಚಿದ್ದ ಎಣ್ಣೆಯನ್ನೇ ಬೆರಳಿಗೆ ಸವರಿ, ಪಾಟಿಯ ಮೇಲೆ ತಿಕ್ಕಿ, ಹುಣಸಿಕಾಯಿಯನ್ನು ಸರ್ರಂತ ಆ ಕಡೆಯಿಂದ ಈ ಕಡೆಗೆ ಜಾರಿಸಿಬಿಟ್ಟರು. ಸುಲ್ತಾನ ಗುಡ್ಡದ ಮೇಲೆ ಹಲಗೆ ಹಾಸಿ, ಕೊಬ್ಬು ಸವರಿ, ಎತ್ತು ಹೂಡಿ ಹಡಗುಗಳನ್ನು ನೆಲದ ಮೇಲೆ ಎಳೆಸಿದ್ದ! ಸರಪಳಿ ಕಟ್ಟಿದ ಹಾಗೇ ಇತ್ತು, ಹಡಗು ಒಳಗಿದ್ದವು. ನಾವು ಚಪ್ಪಾಳೆ ಹೊಡೆದೆವು.

ಆದರೆ ಅವರಿಗೆ ಗೆದ್ದ ಕತೆಗಿಂತ ಸೋತ ಕತೆಯ ಮೇಲೇ ಹೆಚ್ಚು ಪ್ರೀತಿ. ವಿಯಾನಾ ಅಂತ ದೂರದ ಊರು. ಅದರ ಮೇಲೆ ಇನ್ನೊಬ್ಬ ಸುಲ್ತಾನ ದೊಡ್ಡ ದೊಡ್ಡ ತೋಪು ಹೊರಡಿಸಿದ. ಆ ವರ್ಷ ಜಡಿಮಳೆ. ತೋಪಿನ ಗಾಡಿ ಕೆಸರಲ್ಲಿ ಹೂತು ಹೋದವು, ಹಾದಿಯಲ್ಲೇ ಬಿಟ್ಟು ಮುಂದೆ ಹೋಗಬೇಕಾಯಿತು. ಊರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಗೋಡೆ ಒಡೆಯುವ ತೋಪಿಲ್ಲ, ಮೇಲೆ ಚಳಿಗಾಲ ಬಂತು, ಹಿಂದಿರುಗಿದರು. "ಸುಲ್ತಾನನ್ನ ಸೋಲಿಸಿದವ್ರು ಯಾರು ಬೇಟಾ?" ಅಂತ ನನ್ನ ಕೇಳಿದರು. ನಾನು ಎರಿಮಣ್ಣಿನ ಊರಿನವಳು, ಥಟ್ಟನೆ "ಕೆಸರ್ರೀ" ಅಂದೆ. ಉಸ್ತಾನಿ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಉರ್ದು ನುಂಗಿದ್ದು ಆವತ್ತೇ.

ಮುಂದಿನ ಬೇಸಿಗೆ ಸೂಟಿಗೆ ನಾನು ಕಮಲಾಪುರಕ್ಕೆ ಹೋದೆ. ಅಲ್ಲಿ ಮುತ್ಯಾ, ಅಂದರೆ ನಮ್ಮ ಅಜ್ಜ, ನನ್ನ ನೋಡಿದವರೇ "ಹುಡುಗಿ ಎತ್ತರ ಆಗ್ಯಾಳ. ಇನ್ನ ಸಾಕು ಸಾಲಿ" ಅಂದುಬಿಟ್ಟರು. ಹುಮನಾಬಾದಿನ ಕಡೆಯ ಒಂದು ಮನೆತನ ಅವರ ಮನಸ್ಸಿಗೆ ಬಂದಿತ್ತು. ಮುತ್ಯಾ ಅಂದರೆ ನಮ್ಮ ಮನೆಯಲ್ಲಿ ಕಡೇ ಮಾತು. ಅಪ್ಪ, ಅವ್ವ ಇಬ್ಬರೂ ಅವರ ಮುಂದೆ ಬಾಯಿ ತೆಗೆಯುವವರಲ್ಲ. ನಾನು ಅತ್ತೆ, ಊಟ ಬಿಟ್ಟೆ, ಬಾಳೆತೋಟದಲ್ಲಿ ಹೋಗಿ ಅಡಗಿ ಕೂತೆ. ಹಸಿವಾದಾಗ ಕೆಂಪು ಬಾಳೆಹಣ್ಣು ತಿಂದು ಮನೆಗೆ ಬಂದೆ. ಶಾಲೆ ಸುರುವಾಯಿತು, ನಾನು ಹೋಗಲಿಲ್ಲ.

ಇತ್ತ ಉಸ್ತಾನಿಗೆ ಬೇರೆಯೇ ಸಂಕಟ. ಮೇಲಿನ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋಗಿ, ನಾನೂ ಬರದೆ, ಸರಕಾರ ಬೇಕು ಅಂದದ್ದಕ್ಕಿಂತ ಒಂದು ತಲೆ ಕಡಿಮೆಯಾಗಿತ್ತು. ದೀಪಾವಳಿಯ ಹೊತ್ತಿಗೆ ತನಿಖೆಗೆ ದೊಡ್ಡ ಬಾಯಿಯವರು, ಅಂದರೆ ಶಾಲೆ ನೋಡುವ ಹೆಣ್ಣು ಅಧಿಕಾರಿ, ಬರುತ್ತಾರೆ, ಆ ಒಂದು ತಲೆ ತುಂಬದಿದ್ದರೆ ತರಗತಿ ಬಂದ್. ಒಮ್ಮೆ ಮುಚ್ಚಿದ ಹೆಣ್ಣುಮಕ್ಕಳ ತರಗತಿ ಮತ್ತೆ ತೆರೆಯುವುದು ಅಂದರೆ ಸತ್ತ ಎತ್ತು ಎದ್ದ ಹಾಗೆ. ಉಸ್ತಾನಿ ಕೈಕಟ್ಟಿ ಕೂಡುವ ಹೆಣ್ಣಲ್ಲ. ಕಮಲಾಪುರಕ್ಕೆ ಹೊರಟೇ ಬಿಟ್ಟರು.

ಹೊರಟದ್ದು ಸುರಿಯುವ ಮಳೆಯಲ್ಲಿ. ಪಡದಾ ಕಟ್ಟಿದ ದಮಣಿ, ಅಂದರೆ ಸಣ್ಣ ಎತ್ತಿನ ಬಂಡಿ. ಅದರೊಳಗೆ ಅವರ ಮದುವೆಯಲ್ಲಿ ತವರಿನವರು ಕೊಟ್ಟ, ಕಾಲಿನಿಂದ ತುಳಿಯುವ ಹೊಲಿಗೆ ಮಶೀನು! ಶಾಲೆಯಲ್ಲಿ ಹೊಲಿಗೆಯನ್ನೂ ಕಲಿಸುತ್ತೇವೆ ಅಂತ ಮುತ್ಯಾನ ಕಣ್ಣಮುಂದೆ ಅಂಗಿ ಹೊಲಿದು ತೋರಿಸಿದರೆ ಮುದುಕ ಕರಗುತ್ತಾನೆ ಅಂತ ಅವರ ಲೆಕ್ಕ. ಅಷ್ಟು ಕಬ್ಬಿಣ ಹೇರಿಕೊಂಡು ಮಳೆಗಾಲದ ಎರಿಮಣ್ಣಿನಲ್ಲಿ ಹೊರಟರೆ ಏನಾಗಬೇಕೋ ಅದೇ ಆಯಿತು. ಮಹಾಗಾಂವ ದಾಟುತ್ತಲೇ ಗಾಲಿ ನಡುವಿನ ಗುಂಬದ ತನಕ ಹೂತುಕೊಂಡವು. ಎತ್ತು ಮಂಡಿ ಊರಿದವು. ಕಡೆಗೆ ಮಶೀನನ್ನು ಇಳಿಸಿ, ಮಹಾಗಾಂವದ ಅಂಚಿನಲ್ಲಿದ್ದ ಒಬ್ಬ ವಿಧವೆಯ ಮನೆಯಲ್ಲಿ ಬಿಟ್ಟು, ತೊಯ್ದು ತೊಪ್ಪೆಯಾಗಿ ನಮ್ಮ ಮನೆಗೆ ಬಂದು ಮುಟ್ಟಿದರು.

ಬಂದವರು ಒಳಪಡಸಾಲೆಯಲ್ಲಿ ಬಾಗಿಲ ಮರೆಗೆ ಕೂತರು. ಮುತ್ಯಾ ಹೊರಪಡಸಾಲೆಯಲ್ಲಿ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನಡುವೆ ಬಾಗಿಲು. ಆ ಬಾಗಿಲಿಗೆ ಆತು ನಾನು.

"ಗೌಡ್ರೇ, ಹುಡುಗಿ ಭಾಳ ಹುಷಾರ ಅದಾಳ್ರೀ. ಇನ್ನೊಂದು ವರ್ಷ ಕೊಡ್ರಿ ಸಾಕು" ಅಂದರು ಉಸ್ತಾನಿ.

"ಬಿತ್ತೂ ಹಂಗಾಮದಾಗ ಬಂದೀರಿ ಬಾಯೀ. ನನ್ನ ಎತ್ತಿಗೂ ಪುರಸತ್ತಿಲ್ಲ, ನನಗೂ ಇಲ್ಲ. ಹುಡುಗೀಗಿ ವರ ನೋಡಾಕತ್ತೀನಿ" ಅಂದರು ಮುತ್ಯಾ. ಕಂಬಳಿ ಕೊಪ್ಪಿ ಹಾಕಿಕೊಂಡು ಹೊಲಕ್ಕೆ ಎದ್ದು ಹೋದರು. ಅಷ್ಟೇ. ಮುಗಿಯಿತು ಮುತ್ತಿಗೆ.

ಆವತ್ತು ಉಸ್ತಾನಿ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಉಣ್ಣಲಿಲ್ಲ ಅನ್ನುವುದು ತಪ್ಪು, ನಾವು ಉಣ್ಣಿಸಲಿಲ್ಲ. ಬೇರೆ ಮತದವರು ಬಂದರೆ ಹೊರಪಡಸಾಲೆಯಲ್ಲಿ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ರೂಢಿ. ಹೊರಗೆ ಗಂಡಸರ ನಡುವೆ ಕೂತು ಉಣ್ಣಲಿಕ್ಕೆ ಅವರ ಪಡದಾ ಅಡ್ಡ. ಒಳಗೆ ಕೂತು ಉಣ್ಣಲಿಕ್ಕೆ ನಮ್ಮ ಮಡಿ ಅಡ್ಡ. ಎರಡು ಪದ್ಧತಿಯ ನಡುವೆ ಒಂದು ಜೀವ ಉಪವಾಸ. ಹಣ್ಣಿಗೆ ಮಡಿಯಿಲ್ಲ ಅಂತ ನಮ್ಮ ಆಯಿ, ಅಂದರೆ ಅಜ್ಜಿ, ತೋಟದ ಕೆಂಪು ಬಾಳೆಹಣ್ಣು ತಂದು ಅವರ ಮುಂದೆ ಇಟ್ಟಳು. ಉಸ್ತಾನಿ ತಿಂದು "ಬಹುತ್ ಮೀಠಾ ಅದಾವ್ರೀ ಅಮ್ಮಾ" ಅಂದರು. ಆಯಿಯ ಮುಖ ಮಾತ್ರ ಸಣ್ಣದಾಗಿತ್ತು. ಊರಿಗೆಲ್ಲ ಉಣ್ಣಿಸುವ ಕೈ ಅದು.

ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಅವರು ದಮಣಿ ಹತ್ತುವಾಗ ನಾನು ಅಳುತ್ತಿದ್ದೆ. ಉಸ್ತಾನಿ ನಗುತ್ತಿದ್ದರು. "ಅಳಬ್ಯಾಡ ಬೇಟಾ. ನಿಮಗ ಕಲಿಸಿದ ಪಾಠ ನಾನೇ ಮರ್ತೆ. ಮಳಿಗಾಲದಾಗ ದೊಡ್ಡ ತೋಪು ತರಬಾರದಾಗಿತ್ತು. ಇದು ವಿಯಾನಾ ಆತು, ಅಷ್ಟೇ" ಅಂದರು. ಆಮೇಲೆ ದನಿ ಇಳಿಸಿ, "ವಿಯಾನಾ ಆತು ಅಂತ ಎಲ್ಲಾ ಮುಗದಂಗಲ್ಲ" ಅಂದರು.

ಅವರು ಮತ್ತೆ ಬಂದದ್ದು ದಸರೆ ಮುಗಿದು ಹಾದಿ ಒಣಗಿದ ಮೇಲೆ. ತನಿಖೆಯ ದಿನ ಹತ್ತಿರ ಬಂದಿತ್ತು. ಈ ಸಲ ಮಶೀನಿಲ್ಲ, ಗಂಟಿಲ್ಲ, ಮುಂದಿನ ಬಾಗಿಲಿಗೂ ಬರಲಿಲ್ಲ. ದಮಣಿಯನ್ನು ತೋಟದ ಆಚೆ ನಿಲ್ಲಿಸಿ, ನೀರು ಬಿಟ್ಟ ಬಾಳೆಯ ಪಾತಿಯಲ್ಲಿ ಕಾಲಿಟ್ಟು, ಬುರ್ಖಾದ ಅಂಚಿಗೆಲ್ಲ ಕೆಸರು ಮಾಡಿಕೊಂಡು, ಸೀದಾ ಹಿತ್ತಲ ಬಾಗಿಲಿಗೆ ಬಂದು ನಿಂತರು. ಮುತ್ಯಾ ಹೊಲದಲ್ಲಿದ್ದರು. ಆಯಿ ಹಿತ್ತಲಲ್ಲಿ ತೊಗರಿ ಬ್ಯಾಳಿ ಹಸನು ಮಾಡುತ್ತ ಕೂತಿದ್ದಳು. ಉಸ್ತಾನಿ ಪಕ್ಕದಲ್ಲಿ ಕೂತು ತಾವೂ ಒಂದು ಮೊರ ಎಳೆದುಕೊಂಡರು. ನನಗೆ ಥಟ್ಟನೆ ಹೊಳೆಯಿತು. ಸರಪಳಿ ಮುಂಬಾಗಿಲಲ್ಲೇ ಇದೆ, ಹಡಗು ಹಿತ್ತಲಿಗೆ ಬಂದಿದೆ!

ಆದರೆ ಏನು ಹೇಳಲಿ, ಅವರು ನನ್ನ ಮಾತೇ ಎತ್ತಲಿಲ್ಲ. ಶಾಲೆ ಅನ್ನಲಿಲ್ಲ, ಮದುವೆ ಅನ್ನಲಿಲ್ಲ. ಮೂಲೆಯಲ್ಲಿದ್ದ ನಮ್ಮ ದೊಡ್ಡ ತಾಮ್ರದ ಕೊಪ್ಪರಿಗಿ ನೋಡಿ, "ಅಮ್ಮಾ, ಇದರಾಗ ಎಷ್ಟು ಮಂದೀಗಿ ಅಡಗಿ ಆಗತದ್ರೀ?" ಅಂದರು.

"ಯಾರು ಎಣಿಸ್ಯಾರ? ಆಳು, ಕಾಳು, ಅಯ್ಯನವರು, ಹಾದಿಲಿ ಹೋಗಾವ್ರು, ಬಂದಾವ್ರೆಲ್ಲಾ ಉಣ್ತಾರ" ಅಂದಳು ಆಯಿ.

ಆಗ ಉಸ್ತಾನಿ ಯನೀಚರಿಗಳ ಕತೆ ತೆಗೆದರು. ಯನೀಚರಿ ಅಂದರೆ ಉಸ್ಮಾನಿ ಸುಲ್ತಾನರ ಖಾಸಾ ಕಾಲಾಳುಗಳು, ಅವರ ಹೆಸರು ಕೇಳಿದರೆ ವೈರಿಗಳ ಕೈಕಾಲು ನಡುಗುತ್ತಿದ್ದವು. ಆ ದಂಡಿನವರಿಗೆ ನಿಶಾನೆಗಿಂತ ದೊಡ್ಡದು ಅವರ ಅಡುಗೆಯ ದೇಗು, ಇಂಥದ್ದೇ ತಾಮ್ರದ್ದು. ಅದರ ಸುತ್ತ ಕೂತು ಉಣ್ಣುವರು, ಅದರ ಮುಂದೆ ಮಾತು ಕೊಡುವರು. ಯುದ್ಧದಲ್ಲಿ ದೇಗು ವೈರಿಯ ಕೈಗೆ ಸಿಕ್ಕರೆ ಅದಕ್ಕಿಂತ ನಾಚಿಗೆಗೇಡು ಇಲ್ಲ. ಅವರ ಸರದಾರನ ಪದವಿಯ ಹೆಸರೇ ಸಾರು ಮಾಡುವವ ಅಂತ. ತಲೆಯ ಟೊಪ್ಪಿಗೆಗೆ ಚಮಚ ಸಿಕ್ಕಿಸಿಕೊಂಡು ತಿರುಗುವರು.

ಆಯಿ ಮೊರ ಕೆಳಗಿಟ್ಟಳು. "ಸುಳ್ಳ ಹೇಳಬ್ಯಾಡ್ರಿ. ದಂಡಿನ ಗಂಡಸರು ಚಮಚ ತಲಿಮ್ಯಾಲ ಇಟಗೋತಿದ್ರ?"

"ಖರೇನ್ರೀ ಅಮ್ಮಾ. ಮತ್ತ ಸುಲ್ತಾನನ ಮ್ಯಾಲ ಸಿಟ್ಟು ಬಂತಂದ್ರ ತಲವಾರ ತಗೀತಿರ್ಲಿಲ್ಲ. ದೇಗು ತಂದು ಅಂಗಳದಾಗ ಬೋರಲ ಹಾಕ್ತಿದ್ರು. ನಿನ್ನ ಅನ್ನ ಇನ್ನ ಒಲ್ಲೆವು ಅಂತ. ದೇಗು ಬೋರಲ ಬಿತ್ತಂದ್ರ ಸುಲ್ತಾನನ ಗಾದಿ ಅಲ್ಲಾಡತಿತ್ತು."

ಆಯಿ ಬಹಳ ಹೊತ್ತು ಕೊಪ್ಪರಿಗಿಯನ್ನೇ ನೋಡುತ್ತ ಕೂತಳು. ಉಸ್ತಾನಿ ಬಾಳೆಹಣ್ಣು ತಿಂದು, ನನ್ನ ಗಲ್ಲ ಚಿವುಟಿ, ಬಂದ ದಾರಿಯಲ್ಲೇ ಹೊರಟು ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಬಂದು ಚಮಚದ ಕತೆ ಹೇಳಿ ಹೋದಳಲ್ಲ, ನನ್ನ ಕೈ ಬಿಟ್ಟಳಲ್ಲ ಅಂತ ಬಾಳೆಯ ಬುಡಕ್ಕೆ ಒದ್ದೆ.

ಮರುದಿನ ಮಧ್ಯಾಹ್ನ ಆಯಿ ದಂಗೆ ಎದ್ದಳು.

ಅವಳು ದಂಗೆ ಎದ್ದ ಚಂದ ಕೇಳಬೇಕು ನೀವು. ಬೆಳಿಗ್ಗೆ ಎಂದಿನಂತೆ ಕೊಪ್ಪರಿಗಿ ತುಂಬ ಬ್ಯಾಳಿ ಬೇಯಿಸಿದಳು. ಆಳುಗಳಿಗೆ ಬಡಿಸಿದಳು, ಅಯ್ಯನವರ ಜೋಳಿಗೆಗೆ ಹಾಕಿದಳು, ಮುತ್ಯಾಗೆ ಹೊಲಕ್ಕೆ ಬುತ್ತಿ ಕಳಿಸಿದಳು, ಕಡೆಗೆ ನಾಯಿಗೂ ಹಾಕಿದಳು. ಹುಣಸೆಹಣ್ಣು ಹಚ್ಚಿ ಕೊಪ್ಪರಿಗಿಯನ್ನು ಫಳಫಳ ತಿಕ್ಕಿ ತೊಳೆದಳು. ಆಮೇಲೆ ಅಂಗಳದ ನಟ್ಟನಡುವೆ ತಂದು ಧಡಕ್ಕಂತ ಬೋರಲು ಹಾಕಿ, ಸೆರಗು ಕಟ್ಟಿ ಅದರ ಪಕ್ಕದಲ್ಲಿ ಕೂತಳು. ಮುತ್ಯಾ ಬಂದರು. ಕಾಲು ತೊಳೆದರು. ಕೊಪ್ಪರಿಗಿ ನೋಡಿದರು. "ತೊಳದ ಒಣಗಾಕ ಇಟ್ಟೇನು? ಚಲೋ ಆತು" ಅಂದು ಒಳಗೆ ಹೋಗಿ ಅಡ್ಡಾದರು!

ದಿನಾ ಇದೇ ಆಯಿತು. ಊರಿಗೆಲ್ಲ ಉಣ್ಣಿಸಿ ಮೇಲೆ ದಂಗೆ. ಮುತ್ಯಾಗೆ ಗೊತ್ತೇ ಆಗಲೊಲ್ಲದು. ನಾನು ತಡೆಯಲಾರದೆ, "ಆಯೀ, ಉಣ್ಣೂಕಿಂತ ಮೊದಲೇ ಬೋರಲ ಹಾಕಬೇಕು. ಉಂಡಮ್ಯಾಲ ಹಾಕಿದ್ರ ಅದ್ಯಾವ ದಂಗಿ?" ಅಂದೆ.

"ಬಾಯಿ ಮುಚ್ಚ! ಹೊಲದಾಗ ದುಡದ ಬಂದಾವ್ರು ಉಪಾಸ ಹೋದ್ರ ಆ ಪಾಪ ಯಾವ ಸುಲ್ತಾನ ತೊಳೀತಾನ?" ಅಂತ ನನ್ನ ತಲೆಗೆ ಮೊಟಕಿದಳು. ಯನೀಚರಿಗಳಿಗೆ ಈ ತೊಡಕು ಇರಲಿಲ್ಲ ಅಂತ ಕಾಣುತ್ತದೆ.

ಹೀಗೇ ನಡೆದಿದ್ದಾಗ ಹುಮನಾಬಾದಿನ ಕಡೆಯವರು ನನ್ನನ್ನು ನೋಡಲಿಕ್ಕೆ ಬಂದರು, ಹೇಳದೆ ಕೇಳದೆ, ಉಂಡು ಮುಗಿದ ಹೊತ್ತಿಗೆ. ಅಂಗಳದಲ್ಲಿ ಕೊಪ್ಪರಿಗಿ ಬೋರಲು ಬಿದ್ದಿತ್ತು. ಮುತ್ಯಾ ಅವಸರದಿಂದ, "ಏಯ್, ಬೀಗರು ಬಂದಾರ. ಕೊಪ್ಪರಿಗಿ ಏರಸು" ಅಂದರು.

ಆಯಿ ಏಳಲಿಲ್ಲ. "ನೀರು ಕೊಡ್ತೀನಿ, ಬೆಲ್ಲ ಕೊಡ್ತೀನಿ. ಇದು ಮಾತ್ರ ಅಂಗಾತ ಆಗೂದಿಲ್ಲ" ಅಂದಳು.

ಮುತ್ಯಾನ ಮುಖ ನೋಡಬೇಕಿತ್ತು. ಜೀವಮಾನದಲ್ಲಿ ಅವರು ಆ ಬಾಯಿಂದ ಇಲ್ಲ ಅನ್ನುವ ಮಾತು ಕೇಳಿರಲಿಲ್ಲ. ಬಂದವರ ಮುಂದೆ ಕೂಗುವಂತಿಲ್ಲ, ಬೇಡುವಂತಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ತಲೆಬಾಗಿಲಿಗೆ ಬಂದು, "ಊಟಕ್ಕ ನಮ್ಮ ಮನಿಗಿ ಬರ್ರೆಪ್ಪಾ, ತಾಟು ಹಾಕೀವಿ" ಅಂದಳು. ಬಂದವರು ಹಸಿದು ಹೋಗಬಾರದು ಅಂತ ಆಯಿ ಅವರ ಬಂಡಿ ಕಂಡ ಕೂಡಲೇ ಹಿತ್ತಲಿಂದ ಹೇಳಿ ಕಳಿಸಿದ್ದಳು! ಮುತ್ಯಾನ ಬೀಗರು ಮುತ್ಯಾನ ಮನೆಯಲ್ಲಿ ಉಣ್ಣದೆ ಪಕ್ಕದ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಈ ಮನೆಯಲ್ಲಿ ಏನೋ ಸರಿಯಿಲ್ಲ ಅಂದುಕೊಂಡು, ನನ್ನನ್ನು ನೋಡದೇ ಬಂಡಿ ಹತ್ತಿದರು.

ಅವರು ಹೋದ ಮೇಲೆ ಮುತ್ಯಾ ಕೊಪ್ಪರಿಗಿಯ ಆಚೆ ಬಂದು ನೆಲಕ್ಕೆ ಕೂತರು. ಹೊಡೆಯುತ್ತಾರೆ ಅಂತ ನಾನು ಕಂಬದ ಹಿಂದೆ ಸರಿದೆ. ಅವರು ಮೆಲ್ಲಗೆ, "ಏನ ಬೇಕು ನಿನಗ?" ಅಂದರು.

"ಹುಡುಗಿ ಕಲಬುರ್ಗಿಗಿ ಹೋಗ್ಲಿ."

"ಆ ಉಸ್ತಾನಿ ಕಲಿಸಿ ಹೋದ್ಳೇನು?"

"ಆಕಿ ಹುಡುಗಿ ಹೆಸರೂ ಎತ್ತಲಿಲ್ಲ, ನಿನ್ನ ಹೆಸರೂ ಎತ್ತಲಿಲ್ಲ" ಅಂದಳು ಆಯಿ. "ಈ ಕೊಪ್ಪರಿಗ್ಯಾಗ ಕಳ್ಳರಿಗೂ ನೀಡೀನಿ, ಸಾಧುಗಳಿಗೂ ನೀಡೀನಿ. ಈ ಮನಿಗಿ ಬಂದು ಹಸದ ಹೋದಾಕಿ ಅಂದ್ರ ಆಕಿ ಒಬ್ಬಾಕಿ. ಎರಡು ಸಲ ಬಂದ್ಳು, ಎರಡು ಸಲನೂ ಉಪಾಸ ಹೋದ್ಳು. ಯಾರ ಸಲುವಾಗಿ? ನಿನ್ನ ಮೊಮ್ಮಗಳ ಸಲುವಾಗಿ. ಆಕೀಗಿ ಅನ್ನ ಹಾಕಾಕ ನನಗ ಆಗಲಿಲ್ಲ. ಆಕಿ ಕೇಳಿದ್ದಾದ್ರೂ ಕೊಡು."

ಮುತ್ಯಾ ಬೋರಲು ಬಿದ್ದ ತಾಮ್ರದ ಮೇಲೆ ಕೈ ಆಡಿಸುತ್ತ ಕೂತರು. ಆಮೇಲೆ ಎದ್ದು, ಬಂಡಿಯ ಗಾಲಿಗೆ ಎಣ್ಣೆ ಹಾಕಲು ಆಳಿಗೆ ಹೇಳಿದರು. ನನಗೆ ಅಷ್ಟೇ ಸಾಕಿತ್ತು, ಕುಣಿದಾಡಿಬಿಟ್ಟೆ.

ಆಯಿ ಮಾತ್ರ ಕೊಪ್ಪರಿಗಿ ಎತ್ತಲಿಲ್ಲ. "ಹುಡುಗಿ ಪಾಸಾದ ದಿನ ಆಕೀನ್ನ ಕರೀತೀನಿ. ಒಳಪಡಸಾಲ್ಯಾಗ ಕೂಡ್ಸಿ, ಇದರಾಗ ಮಾಡಿ, ನನ್ನ ಕೈಲೇ ಬಡಸ್ತೀನಿ. ಯಾವ ಮಡಿ ಬರ್ತದ ಬರ್ಲಿ, ನೋಡ್ತೀನಿ. ಅಲ್ಲೀತನ ಇದು ಬೋರಲೇ" ಅಂದಳು. ಅವತ್ತಿನಿಂದ ಮನೆಯ ಅಡುಗೆ ಸಣ್ಣ ಬೋಗುಣಿಗಳಲ್ಲಿ, ಎರಡೆರಡು ಒಲೆ ಹೂಡಿ ಆಗತೊಡಗಿತು. ಯಾರೂ ಎದುರಾಡಲಿಲ್ಲ.

ತನಿಖೆಯ ದಿನ ನಾನು ತರಗತಿಯಲ್ಲಿದ್ದೆ. ತಲೆ ಎಣಿಸಿದರು, ತುಂಬಿತ್ತು, ತರಗತಿ ಉಳಿಯಿತು. ಬಾಯಿಯವರು ಆ ಕಡೆ ಹೋಗುತ್ತಲೂ ನಾನು ಉಸ್ತಾನಿಗೆ ಆಯಿಯ ದಂಗೆಯ ಕತೆ ಹೇಳಿದೆ. ಉಣ್ಣಿಸಿ, ತೊಳೆದು, ಬೋರಲು ಹಾಕುತ್ತಿದ್ದಳು ಅಂದದ್ದೇ ತಡ, ಅವರು ಗೋಡೆ ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಯಾ ಅಲ್ಲಾ, ಇಂಥಾ ದಂಗಿ ಯಾವ ತವಾರೀಖದಾಗೂ ಇಲ್ಲ" ಅಂದರು. ಊಟದ ಕರೆ ಹೇಳಿದಾಗ ಮಾತ್ರ ನಗು ನಿಂತಿತು. ಕಣ್ಣೊರೆಸಿಕೊಂಡು, "ಬರ್ತೀನಿ. ಆಯೀಗಿ ಹೇಳು, ಹಸಗೊಂಡೇ ಬರ್ತೀನಿ" ಅಂದರು.

ಪರೀಕ್ಷೆ ಮುಗಿಯಿತು. ಅದೇ ಹೊತ್ತಿಗೆ ಕಲಬುರ್ಗಿಯಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಅಂದರೆ ಆಗ ಊರೇ ಖಾಲಿ. ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಮುತ್ಯಾ ನನ್ನನ್ನು ಕರೆಯಲು ಬಂಡಿ ಕಳಿಸಿದರು. ಶಾಲೆಯ ಬಾಗಿಲಲ್ಲಿ ಉಸ್ತಾನಿ ನಿಂತಿದ್ದರು. ತಾಯಿಯನ್ನು ಕರೆದುಕೊಂಡು ಶರಣಸಿರಸಗಿಯ ಕಡೆಯ ಗುಡಿಸಲಿಗೆ ಹೋಗುತ್ತೇನೆ ಅಂದರು. ಬಂಡಿ ಹೊರಟ ಮೇಲೆ ಹಿಂದಿನಿಂದ ಕೂಗಿ, "ನಾ ಇನ್ನೂ ಹಸಗೊಂಡೇ ಇದ್ದೀನಿ ಅಂತ ಹೇಳು ಬೇಟಾ!" ಅಂದರು. ಬುರ್ಖಾದ ಒಳಗೆ ನಗುತ್ತಿದ್ದರು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು...

ನಾನು ಪಾಸಾದ ಸುದ್ದಿ ಬೇಸಿಗೆಯಲ್ಲಿ ಬಂತು. ಆಯಿ ಬೋರಲಿದ್ದ ಕೊಪ್ಪರಿಗಿಯ ಮೇಲಿನ ಧೂಳು ಒರೆಸಿ, ಅಕ್ಕಿ ತರಿಸಿ, ತುಪ್ಪ ಕಾಸಿಟ್ಟಳು. ಕರೆಯಲಿಕ್ಕೆ ಆಳನ್ನು ಕಳಿಸಲಿಲ್ಲ, ಮುತ್ಯಾನೇ ಬಂಡಿ ಹೂಡಿಕೊಂಡು ರೋಜಾಕ್ಕೆ ಹೋದರು. ಹೋದವರು ಮರುದಿನ ಸಂಜೆ ಬಂದರು. ಬಂಡಿ ಖಾಲಿ ಇತ್ತು. ಎತ್ತಿನ ಕೊರಳು ಬಿಡಿಸದೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ತಾಯೀನ್ನ ಜ್ವಾಪಾನ ಮಾಡಕೋತ ಇದ್ರಂತ. ಮೊದಲ ತಾಯಿ ಹೋಗ್ಯಾರ, ಆಮ್ಯಾಲ ಅವರೂ... ಗುಡಿಸಲದಾಗೇ" ಅಂದರು. ಆಕಿ, ಅವಳು ಅನ್ನುತ್ತಿದ್ದ ಬಾಯಿ ಅದು. ಅವತ್ತು ಅವರು ಅಂತ ಅಂದಿತು.

ಆಯಿ ಅಳಲಿಲ್ಲ. ಕಾಸಿದ ತುಪ್ಪವನ್ನು ದೇವರ ಜಗಲಿಯ ಮುಂದೆ ಇಟ್ಟು, ಕೊಪ್ಪರಿಗಿಯನ್ನು ಹಾಗೇ ಬೋರಲಾಗಿಯೇ ಇಬ್ಬರು ಆಳುಗಳ ಕೈಲಿ ಅಟ್ಟಕ್ಕೆ ಏರಿಸಿದಳು. ಅವಳಿರುವ ತನಕ ಅದು ಒಲೆ ಕಾಣಲಿಲ್ಲ. ನಾನಂತೂ ಒಂದು ಮೂಲೆಯಲ್ಲಿ ಕೂತು ಹೊಟ್ಟೆಬಾಯಿ ಬಡಿದುಕೊಂಡು ಅತ್ತೆ. ಹಸಿವು ಅನ್ನುವ ಮಾತು ಕೇಳಿದರೆ ಇವತ್ತಿಗೂ ನನಗೆ ಆ ದನಿಯೇ ಕಿವಿಗೆ ಬೀಳುತ್ತದೆ.

ಆಮೇಲೆ ಅದೇ ಶಾಲೆಯಲ್ಲಿ ನಾನೂ ಕಲಿಸಿದೆ. ಮನೆಮನೆಗೆ ಹೋಗಿ ಹುಡುಗಿಯರನ್ನು ಎಳೆದು ತರುವ ಚಟ ನನಗೂ ಅಂಟಿತು. ಎಷ್ಟೋ ಹಿತ್ತಲ ಬಾಗಿಲು ಹೊಕ್ಕಿದ್ದೇನೆ, ಎಷ್ಟೋ ವಿಯಾನಾ ಕಂಡಿದ್ದೇನೆ. ಹೀಗೆಯೇ ಒಮ್ಮೆ ಮಹಾಗಾಂವಕ್ಕೆ ಹೋದಾಗ, ಉಸ್ತಾನಿ ಆ ವಿಧವೆಗೇ ಬಿಟ್ಟುಕೊಟ್ಟ ಹೊಲಿಗೆ ಮಶೀನು ಇನ್ನೂ ಇದೆಯೇ ಅಂತ ವಿಚಾರಿಸಿದೆ. ಇತ್ತು. ಆ ವಿಧವೆ ಊರಿನವರ ಅಂಗಿ, ಕುಬಸ ಹೊಲಿದು ಸಂಸಾರ ನಡೆಸಿದ್ದಳು, ತುಳಿದು ತುಳಿದು ಅದರ ಪಟ್ಟಿ ಸವೆದುಹೋಗಿತ್ತು. ಕೊಟ್ಟವರ ಕಡೆಯವರು ಹಿಂದಕ್ಕೆ ಕೇಳಲು ಬಂದರೇನೋ ಅಂತ ಆಕೆ ಹೆದರಿದಳು. ನಾನು ಒಂದು ಕುಬಸದ ಅಳತೆ ಕೊಟ್ಟು ಎದ್ದು ಬಂದೆ.

ಮನೆ ಭಾಗವಾದಾಗ ಎಲ್ಲರೂ ಹೊಲ, ತೋಟ ಅಂದರು. ನಾನು ಕೊಪ್ಪರಿಗಿ ಬೇಕು ಅಂದೆ. ಅದು ಕಲಬುರ್ಗಿಯ ಈ ಮನೆಯ ಅಟ್ಟ ಸೇರಿತು, ಬೋರಲೇ. ಆಯಿಯ ಮಾತು ಮುರಿಯಬಾರದು ಅಂತ ನಾನೂ ಹಟ ಹಿಡಿದು ಕೂತೆ. ಉಣ್ಣಬೇಕಾದವರು ಬರುವುದಿಲ್ಲ, ಬಡಿಸಬೇಕಾದವಳೂ ಇಲ್ಲ, ಆದರೂ ಹಟ. ಮೊನ್ನೆ ಕಲಾಯಿಯ ಹೊಗೆ ಮೂಗಿಗೆ ಬಡಿದಾಗ ಅನ್ನಿಸಿತು, ಇನ್ನು ನನ್ನ ದಿನಗಳೂ ಮುಗಿಯುತ್ತ ಬಂದವು. ನಾನೂ ಹೋದರೆ ಇದನ್ನು ತೂಕಕ್ಕೆ ಹಾಕಿ ಮಾರುತ್ತಾರೆ. ದೇಗು ಬೋರಲು ಹಾಕುವುದು ಕೇಳಿದ್ದು ಸಿಗುವ ತನಕ. ಕೇಳಿದ್ದು ಸಿಕ್ಕಿ ಎಷ್ಟು ಕಾಲವಾಯಿತು! ಆ ಶಾಲೆಯಲ್ಲಿ ಈಗ ಹುಡುಗಿಯರಿಗೆ ಕೂರಲು ಜಾಗ ಸಾಲದು. ರೋಜಾದ ಓಣಿಯಿಂದ ಬರುತ್ತಾರೆ, ಕಮಲಾಪುರದಿಂದ ಬರುತ್ತಾರೆ, ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಾರೆ.

ಇಳಿಸಿರಿ ಅದನ್ನು, ಅಂದೆ. ಮನೆಯವರು ಬೇಡ ಅಂದರು, ಇಷ್ಟು ವಯಸ್ಸಿಗೆ ಯಾಕೆ ಈ ಉಸಾಬರಿ ಅಂದರು. ನಾನು ಯಾರ ಮಾತು ಕೇಳಿದವಳು? ಕಲಾಯಿಯವನು ಇಡೀ ಮಧ್ಯಾಹ್ನ ತಿಕ್ಕಿದ, ಕಾಸಿದ, ತವರ ಬಳಿದ. ಒಳಗೆಲ್ಲ ಬೆಳ್ಳಗೆ ಹೊಳೆಯಿತು. ಮುಗಿಸಿ, ಆರಲಿ ಅಂತ ಅಂಗಳದಲ್ಲಿ ಬೋರಲು ಇಡಲು ಹೋದ.

"ಬೋರಲ ಬ್ಯಾಡಪಾ. ಅಂಗಾತ ಇಡು. ನಾಳಿಗಿ ಒಲಿಮ್ಯಾಲ ಏರತದ" ಅಂದೆ.

"ಎಷ್ಟು ಮಂದೀಗಿ ಅಡಗಿ ಅಮ್ಮಾರ?"

"ಸಾಲಿ ಹುಡುಗ್ಯಾರು ಎಲ್ಲಾರಿಗೂ. ಅವರ ಮ್ಯಾಲ ಮತ್ತೊಬ್ರು."

ಅವನು ತಿದಿ ಮಡಚುತ್ತ, "ಆ ಮತ್ತೊಬ್ರು ಯಾರ್ರೀ?" ಅಂದ.

"ಬರಾವ್ರಲ್ಲ. ಆದ್ರೂ ಮೊದಲ ತಾಟು ಅವರದೇ, ಒಳಪಡಸಾಲ್ಯಾಗ" ಅಂದೆ. "ಭಾಳ ದಿನದಿಂದ ಹಸಗೊಂಡಾರಪಾ."